ರಾನ್ ಬರಾಸಿ ಗೆದ್ದಿದ್ದು ಕೂಗಾಡಿದ್ದಕ್ಕಾ?

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಅಂದರೆ ಶಿವಮೊಗ್ಗದ ನಮ್ಮ ಗೆಳೆಯರು "ಅದು ರಗ್ಬಿ ಅಲ್ವಾ?" ಅಂತಾರೆ. ಅಲ್ಲ. ಬಾಕ್ಸಿಂಗ್ ಡೇ ಟೆಸ್ಟ್‌ಗೆ ನಾವು ಬೆಳಗಿನ ಜಾವ ಎದ್ದು ಟಿವಿ ಹಾಕುತ್ತೇವಲ್ಲ, ಮೆಲ್ಬರ್ನ್‌ನ ಅದೇ ಎಂಸಿಜಿಯಲ್ಲಿ ಚಳಿಗಾಲದಲ್ಲಿ ಈ ಆಟ ನಡೆಯುತ್ತದೆ. ಒಂದೊಂದು ಕಡೆ 18 ಜನ, ಮೊಟ್ಟೆ ಆಕಾರದ ಚೆಂಡು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ 1. ಚೆಂಡನ್ನು ಎಸೆಯುವ ಹಾಗಿಲ್ಲ. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕೊಡಬೇಕು, ಅದೇ ಹ್ಯಾಂಡ್‌ಬಾಲ್.

ಈ ಆಟದ ದೊಡ್ಡ ಹೆಸರು ರಾನ್ ಬರಾಸಿ. ಹುಟ್ಟಿದ್ದು 1936ರಲ್ಲಿ. ಅಪ್ಪನೂ ಮೆಲ್ಬರ್ನ್ ಕ್ಲಬ್ಬಿನ ಆಟಗಾರ, 1941ರಲ್ಲಿ ಟೊಬ್ರುಕ್‌ನ ಯುದ್ಧದಲ್ಲಿ ಸತ್ತ. ಮುಂದೆ ಹುಡುಗನನ್ನು ತನ್ನ ಮನೆಯಲ್ಲಿಟ್ಟುಕೊಂಡಿದ್ದು ಅಪ್ಪನ ಜೊತೆ ಆಡಿದ್ದ ನಾರ್ಮ್ ಸ್ಮಿತ್, ಆ ಕ್ಲಬ್ಬಿನ ಕೋಚ್. ಅಲ್ಲಿ ಆಡಿ ಬರಾಸಿ 6 ಪ್ರೀಮಿಯರ್‌ಶಿಪ್, ಅಂದರೆ ಲೀಗಿನ ಚಾಂಪಿಯನ್ ಪಟ್ಟ, ಗೆದ್ದ. ಆಮೇಲೆ 1965ರಲ್ಲಿ ಎದುರಾಳಿ ಕಾರ್ಲ್‌ಟನ್‌ಗೆ ನಾಯಕನೂ ಕೋಚೂ ಆಗಿ ಹೊರಟೇಬಿಟ್ಟ! ಮೆಲ್ಬರ್ನ್ ಅಭಿಮಾನಿಗಳ ಹೊಟ್ಟೆ ಎಷ್ಟು ಉರಿದಿರಬೇಕು ಹೇಳಿ. ಇತ್ತ ಕಾರ್ಲ್‌ಟನ್ 1947ರಿಂದ ಆ ಪಟ್ಟ ಗೆದ್ದೇ ಇರಲಿಲ್ಲ, 1968ರಲ್ಲಿ ಗೆಲ್ಲಿಸಿದ.

ಬರಾಸಿ ಅಂದರೆ ಡ್ರೆಸ್ಸಿಂಗ್ ರೂಮಿನಲ್ಲಿ ಮುಖ ಕೆಂಪಗೆ ಮಾಡಿಕೊಂಡು ಕೂಗಾಡುವ ಕೋಚ್ ಅಂತಲೇ ಎಲ್ಲರಿಗೂ ನೆನಪು. ನನಗೆ ಮಾತ್ರ ಅವನ ಕೂಗಾಟಕ್ಕೆ ಜಾಸ್ತಿ ಬೆಲೆ ಕೊಟ್ಟುಬಿಟ್ಟಿದ್ದಾರೆ ಅನ್ನಿಸುತ್ತದೆ. 1970ರ ಫೈನಲ್ಲನ್ನೇ ನೋಡಿ. ಎಂಸಿಜಿಯಲ್ಲಿ 1,21,696 ಜನ. ಅರ್ಧ ಆಟ ಮುಗಿದಾಗ ಕಾರ್ಲ್‌ಟನ್‌ನ ಎದುರಾಳಿ ಕಾಲಿಂಗ್‌ವುಡ್ 44 ಅಂಕ ಮುಂದಿತ್ತು, ಹೆಚ್ಚುಕಮ್ಮಿ ಕಥೆ ಮುಗಿದ ಹಾಗೆಯೇ. ಆಗ ಬರಾಸಿ ಹೇಳಿದ್ದು ಇಷ್ಟು: ಸಿಕ್ಕಲ್ಲೆಲ್ಲಾ ಹ್ಯಾಂಡ್‌ಬಾಲ್ ಮಾಡಿ, ಓಡುತ್ತಲೇ ಇರಿ. ಆ ಕಾಲಕ್ಕೆ ಚೆಂಡು ಸಿಕ್ಕರೆ ಮೊದಲು ದೂರ ಒದೆಯುವುದೇ ರೂಢಿ, ಹ್ಯಾಂಡ್‌ಬಾಲ್ ಏನಿದ್ದರೂ ದಾರಿ ಕಾಣದಾಗ. ಜೊತೆಗೆ ಬೆಂಚಿನಲ್ಲಿ ಸುಮ್ನೆ ಕೂತಿದ್ದ ಟೆಡ್ ಹಾಪ್‌ಕಿನ್ಸ್ ಅನ್ನುವ ಸಣ್ಣಾಳನ್ನು ಒಳಗೆ ಬಿಟ್ಟ. ಅವನು 4 ಗೋಲು ಹೊಡೆದ. ಕಾರ್ಲ್‌ಟನ್ 111, ಕಾಲಿಂಗ್‌ವುಡ್ 101. (ಇದೇ ಹಾಪ್‌ಕಿನ್ಸ್ ಮುಂದೆ ಈ ಆಟದ ಅಂಕಿಅಂಶ ಲೆಕ್ಕ ಹಾಕುವ ಕಂಪನಿ ಶುರು ಮಾಡಿದ!)

ನಮ್ಮ ಕಡೆ ಅಡಿಕೆ ಕೊಯ್ಲು ಮುಗಿದ ಮೇಲೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಶುರುವಾಗುತ್ತವಲ್ಲ, ಅಲ್ಲಿ ಪ್ರತಿ ಟೀಮಿಗೂ ಹಳೇ ಆಟಗಾರ ಅಣ್ಣನೊಬ್ಬ ಕೋಚ್ ಇರುತ್ತಾನೆ. ಒಂದು ಕಾಲಕ್ಕೆ ಹೆಸರು ಮಾಡಿದವನೇ. ಆದರೆ ಕಾರ್ನರ್‌ನಲ್ಲಿರುವ ಹುಡುಗ ಪದೇ ಪದೇ ಔಟಾಗುತ್ತಿದ್ದರೂ ಅವನ ಜಾಗ ಬದಲಿಸುವುದಿಲ್ಲ. ಗಂಟಲು ಹರಿಯುವ ಹಾಗೆ ಬೈಯುತ್ತಾನೆ, ಅಷ್ಟೇ. ಕೇಳಿದರೆ "ನಮ್ಮ ಕಾಲದಲ್ಲಿ" ಅಂತ ಶುರು. ಬೈದರೆ ಹುಡುಗನಿಗೆ ರೋಷ ಬರಬಹುದು, ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಾಗುತ್ತದಾ?

ಬರಾಸಿ ಮುಂದೆ ನಾರ್ತ್ ಮೆಲ್ಬರ್ನ್ ಅನ್ನುವ ಬೇರೆ ಕ್ಲಬ್ಬಿಗೆ ಕೋಚ್ ಆಗಿ 1975ರಲ್ಲಿ ಅದರ ಮೊದಲ ಪ್ರೀಮಿಯರ್‌ಶಿಪ್ ತಂದುಕೊಟ್ಟ, 1977ರಲ್ಲಿ ಇನ್ನೊಂದು. ಆಮೇಲೆ ಹಳೇ ಕ್ಲಬ್ ಮೆಲ್ಬರ್ನ್ ಕರೆಯಿತು. 1981ರಲ್ಲಿ ಅಲ್ಲಿ ಗೆದ್ದಿದ್ದು ಒಂದೇ ಒಂದು ಮ್ಯಾಚು! ಅದೇ ಬರಾಸಿ, ಅದೇ ಗಂಟಲು. ಐದು ವರ್ಷ ಇದ್ದರೂ ಒಮ್ಮೆಯೂ ಟೀಮು ಫೈನಲ್ಸ್ ಹಂತ ಮುಟ್ಟಲಿಲ್ಲ. ಹಾಗಂತ ಆ ಐದು ವರ್ಷ ದಂಡ ಅನ್ನಲಾರೆ. ಐರ್ಲೆಂಡ್‌ನಲ್ಲಿ ಗೇಲಿಕ್ ಫುಟ್‌ಬಾಲ್ (ಇದನ್ನು ಸ್ವಲ್ಪ ಹೋಲುವ ಅಲ್ಲಿನ ಆಟ) ಆಡುವ ಹುಡುಗರನ್ನು ಕರೆತಂದು ಈ ಆಟ ಕಲಿಸುವ ಕೆಲಸಕ್ಕೆ ಕ್ಲಬ್ ಕೈಹಾಕಿದ್ದು ಆಗಲೇ. ಹಾಗೆ ಬಂದವರಲ್ಲಿ ಒಬ್ಬ ಜಿಮ್ ಸ್ಟೈನ್ಸ್. 1991ರಲ್ಲಿ ಅವನು ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದಾಗ ಬರಾಸಿ ಆ ಕ್ಲಬ್ ಬಿಟ್ಟು ಎಷ್ಟೋ ವರ್ಷ ಆಗಿತ್ತು.