ಬಾಗಿಲಿಗೆ ಅಂಟಿದ ಚೀಟಿ

ಕೊರೊನಾ ಕಾಲದಲ್ಲಿ ಜನ ಜ್ವರಕ್ಕಿಂತ ನೆರೆಹೊರೆಯವರ ಕಣ್ಣಿಗೆ ಹೆಚ್ಚು ಹೆದರಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ.

2020ರ ಮಾರ್ಚ್‌ನಲ್ಲಿ ವಿದೇಶದಿಂದ ಬಂದಿಳಿದವರ ಕೈಗೆ ಅಳಿಸಲಾಗದ ಶಾಯಿಯ ಮುದ್ರೆ ಬಿತ್ತು. ಮನೆಯಲ್ಲೇ ಕ್ವಾರಂಟೈನ್‌ನಲ್ಲಿದ್ದವರು ಗಂಟೆಗೊಮ್ಮೆ ಸೆಲ್ಫಿ ಕಳಿಸಬೇಕೆಂದು ಕರ್ನಾಟಕ ಸರ್ಕಾರ ಆದೇಶಿಸಿತು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಮಾತ್ರ ವಿನಾಯಿತಿ. (ನಿದ್ದೆಗೂ ಸರ್ಕಾರದ ಅಪ್ಪಣೆ!) ಸೋಂಕಿತರು ಹೆಸರು ಕಳೆದುಕೊಂಡು ‘ಪಿ’ (ಪೇಷೆಂಟ್) ಸಂಖ್ಯೆಗಳಾದರು. ಯಾರು ಎಲ್ಲಿಗೆ ಹೋಗಿದ್ದರು, ಯಾರನ್ನು ಭೇಟಿಯಾಗಿದ್ದರು ಎಂಬುದನ್ನೆಲ್ಲ ಟಿ.ವಿ.ಯವರು ಅಪರಾಧ ಸುದ್ದಿಯ ದನಿಯಲ್ಲಿ ಓದಿದರು.

ನಮ್ಮ ಬೀದಿಯ ಒಂದು ಮನೆಯ ಬಾಗಿಲಿಗೂ ‘ಕ್ವಾರಂಟೈನ್’ ಚೀಟಿ ಅಂಟಿತು. ಮರುದಿನದಿಂದ ಹಾಲಿನವನು ಪ್ಯಾಕೆಟ್ಟನ್ನು ಗೇಟಿನ ಹೊರಗೇ ಇಟ್ಟು ಓಡತೊಡಗಿದ. ಎದುರು ಮನೆಯವರು ಕಿಟಕಿ ಮುಚ್ಚಿದರು. ಇದನ್ನು ಕಂಡ ಮೇಲೆ ಯಾರು ತಾನೇ ತನಗೆ ಜ್ವರವಿದೆ ಎಂದು ಹೇಳಿಕೊಳ್ಳುತ್ತಾರೆ? ಮಾತ್ರೆ ನುಂಗಿ ಸುಮ್ಮನಿದ್ದವರೇ ಹೆಚ್ಚು. ಹೆದರಿಸಿದರೆ ಜನ ಮನೆಯೊಳಗೆ ಇರುತ್ತಾರೆ, ನಿಜ. ಜೊತೆಗೆ ಕಾಯಿಲೆಯನ್ನೂ ಒಳಗೇ ಬಚ್ಚಿಡುತ್ತಾರೆ. ಆ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಇಂಥ ಚೀಟಿ ಅಂಟಿಸಬಾರದು ಎಂದಿತು. ಅಷ್ಟರಲ್ಲಿ ಎಷ್ಟೋ ಬಾಗಿಲುಗಳಿಗೆ ಗೋಂದು ಮೆತ್ತಿಯಾಗಿತ್ತು.

ಅದೇ ಜನಕ್ಕೆ, ಪ್ರಧಾನಿಯ ಕರೆಯಂತೆ ಜನತಾ ಕರ್ಫ್ಯೂ ದಿನವಾದ ಮಾರ್ಚ್ 22ರ ಸಂಜೆ ಐದಕ್ಕೆ ವೈದ್ಯಕೀಯ ಸಿಬ್ಬಂದಿಗೆ ಕೃತಜ್ಞತೆ ಹೇಳಲು ತಟ್ಟೆ ಬಡಿಯಲು ಯಾರ ಬಲವಂತವೂ ಬೇಕಾಗಲಿಲ್ಲ. ಅಕ್ಕಪಕ್ಕದವರು ಮಾಡಿದರೆ ನಾವೂ ಮಾಡುತ್ತೇವೆ, ಅಷ್ಟೇ. ಕೆಲವು ಊರುಗಳಲ್ಲಿ ಅದು ಮೆರವಣಿಗೆಯೇ ಆಗಿಹೋಯಿತು, ಆ ಮಾತು ಬೇರೆ.

ಆಗ ಯಾರಿಗೆ ಫೋನ್ ಮಾಡಿದರೂ ಮೊದಲು ಕೊರೊನಾ ಜಾಗೃತಿ ಸಂದೇಶದ ಕೆಮ್ಮು ಕೇಳಿಸುತ್ತಿತ್ತಲ್ಲ, ಆ ಉಪಾಯ ಹೊಳೆದ ಮಹಾನುಭಾವರನ್ನು ಒಮ್ಮೆ ನೋಡಬೇಕೆಂಬ ಆಸೆ ಇನ್ನೂ ಇದೆ.