ಮುಂದಿನ ಸಾಲು

ಇವತ್ತು ಮುಂಬೈನ ಮಾಟುಂಗಾದಲ್ಲಿ ಒಂದು ಕನ್ನಡ ಕಾರ್ಯಕ್ರಮ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜರೊಬ್ಬರನ್ನು ಸ್ವಯಂಸೇವಕ ಹುಡುಗ ಎಬ್ಬಿಸಿದ. "ಇದು ಗಣ್ಯರಿಗೆ ಅಜ್ಜಾ, ಹಿಂದೆ ಹೋಗಿ."

ಸವೆದ ಹವಾಯಿ ಚಪ್ಪಲಿ. ಕಿತ್ತುಹೋದ ಪಟ್ಟಿಗೆ ಪಿನ್ನು ಚುಚ್ಚಿತ್ತು. ಹುಡುಗನ ಕಣ್ಣು ಅಲ್ಲೇ ಇತ್ತು. ಪಕ್ಕದಲ್ಲಿ ಸಫಾರಿ ಹಾಕಿ ಕೂತವರನ್ನು ಯಾರೂ ಏನೂ ಕೇಳಲಿಲ್ಲ.

"ಅರ್ಧ ಸಾಲು ಖಾಲಿ ಇದೆಯಲ್ಲ ತಮ್ಮಾ" ಅಂದೆ. ಕೇಳಿಸಿದ ಹಾಗೆ ಕಾಣಲಿಲ್ಲ.

ಕೊನೆಗೆ ಅಜ್ಜ ಯಾರೋ ದೊಡ್ಡ ಮನುಷ್ಯ ಅಂತ ಗೊತ್ತಾಯ್ತು ಅನ್ನೋ ಕಥೆಗೆ ಕಾಯಬೇಡಿ. ಹಾಗೇನೂ ಆಗಲಿಲ್ಲ. ಆಗಬೇಕಾಗಿಯೂ ಇಲ್ಲ, ಅಲ್ವಾ? ಒಂದು ಕುರ್ಚಿಗೆ ಕೋಟ್ಯಧಿಪತಿ ಆಗಿರಬೇಕಾ?

ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟ್ ಬಡಾವಣೆಯ ಕನ್ನಡ ಶಾಲೆಯಲ್ಲಿ ಓದಿದವರ ಊರು ಇದು. ಅವರಲ್ಲಿ ಎಷ್ಟು ಜನರ ಕಾಲಲ್ಲಿ ಚಪ್ಪಲಿ ಇತ್ತೋ!