ಅಷ್ಟು ಸಣ್ಣ ತೂತಿನಿಂದ ಗಡ್ಡೆ ಹೇಗೆ ಬರುತ್ತದೆ ಎನ್ನುವವರಿಗೆ

ಬರುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರಿಗೆ ಲ್ಯಾಪರೊಸ್ಕೋಪಿ ಮಾಡುವಾಗ 5ರಿಂದ 12 ಮಿಲಿಮೀಟರಿನ ನಾಲ್ಕೈದು ತೂತು ಹಾಕಿ, ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ಪರದೆ ನೋಡುತ್ತ ಕರುಳನ್ನು ಬಿಡಿಸುತ್ತೇವೆ. ಗಡ್ಡೆಯಿರುವ ಭಾಗವನ್ನು ಹೊರತೆಗೆಯಲು ಕೊನೆಗೆ ಐದಾರು ಸೆಂಟಿಮೀಟರಿನ ಸೀಳೊಂದು ಬೇಕೇ ಬೇಕು. ಇದು ಲೇಸರ್ ಅಲ್ಲವೆಂದು ಬಳ್ಳಾರಿಯಲ್ಲಿ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

ಸಿರುಗುಪ್ಪದ ಮದುವೆಯೊಂದರಲ್ಲಿ, ಎಲೆಗೆ ಹೋಳಿಗೆ ಬಿದ್ದ ಹೊತ್ತಿಗೇ ದೂರದ ಮಾವನೊಬ್ಬರು, "ತೂತು ಹಾಕಿ ಮಾಡಿದ್ರ ಬೇರು ಒಳಗ ಉಳಿತೈತಂತಲ್ಲಪ್ಪಾ, ಖರೇ ಏನು?" ಎಂದರು. ನನ್ನನ್ನು ಕೆರಳಿಸಿದ್ದು ಪ್ರಶ್ನೆಯಲ್ಲ, ಆ "ಅಂತ". ಅಮೆರಿಕದಲ್ಲಿ 872 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷದೊಳಗೆ ಕ್ಯಾನ್ಸರ್ ಮರಳಿದ್ದು ತೂತಿನವರಲ್ಲಿ ಶೇ. 16, ಹೊಟ್ಟೆ ಕೊಯ್ದವರಲ್ಲಿ ಶೇ. 18, ಅಂದರೆ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಇಲ್ಲ ಎಂದು ನಾನು ದನಿಯೇರಿಸಿ ಹೇಳಿದ್ದಕ್ಕೆ, ತುಪ್ಪ ಬಡಿಸುವ ಹುಡುಗ ನನ್ನ ಎಲೆಯನ್ನು ದಾಟಿಕೊಂಡೇ ಹೋದ.

ತೂತಿನ ಲಾಭ ಬೇರೆಯೇ ಇದೆ. ಗಾಯ ಕತ್ತಿಯದೋ ಎತ್ತಿನ ಕೊಂಬಿನದೋ ಎಂದು ದೇಹ ವಿಚಾರಿಸುವುದಿಲ್ಲ. ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ, ಉರಿಯೂತದ ಸುದ್ದಿ ಮುಟ್ಟಿಸುವ ಪ್ರೋಟೀನು ಏರುತ್ತದೆ, ಅದರ ಪ್ರಚೋದನೆಯಿಂದ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ, ಅದು ಎರಡು ಮೂರನೆಯ ದಿನಕ್ಕೆ ತುತ್ತತುದಿ ಮುಟ್ಟುತ್ತದೆ. ಹೊಟ್ಟೆಯ ಗೋಡೆಗೆ ಕಡಿಮೆ ಪೆಟ್ಟು ಬಿದ್ದವರಲ್ಲಿ ಈ ಉರಿಯೂತದ ಏರಿಕೆ ಸಾಮಾನ್ಯವಾಗಿ ಕಡಿಮೆ. ಕರುಳು ಬೇಗ ಕೆಲಸಕ್ಕೆ ತೊಡಗುತ್ತದೆ, ರೋಗಿ ಬೇಗ ಮನೆಗೆ ಹೋಗುತ್ತಾನೆ. ಹಾಗೆಂದು ಒಳಗಿನ ಕೆಲಸ ಕಡಿಮೆಯಲ್ಲ: ರಕ್ತನಾಳವನ್ನು ಬುಡದಲ್ಲೇ ಕಟ್ಟಬೇಕು, ಕ್ಯಾನ್ಸರ್ ಹರಡಿದೆಯೇ ಎಂದು ನೋಡಲು ತೆಗೆದ ಭಾಗದಲ್ಲಿ ಕನಿಷ್ಠ 12 ದುಗ್ಧಗ್ರಂಥಿಗಳಾದರೂ (ಲಿಂಫ್ ನೋಡ್) ಪರೀಕ್ಷೆಗೆ ಸಿಗಬೇಕು.

ಆದ್ದರಿಂದ ನನ್ನನ್ನು ಕೇಳಬೇಕಾದದ್ದು ತೂತಿನ ಅಳತೆಯನ್ನಲ್ಲ, ಮೂರು ನಾಲ್ಕನೆಯ ದಿನದ ಸಿಆರ್‌ಪಿಯನ್ನು. ಅದು ಇಳಿಯದೆ ಲೀಟರಿಗೆ 150 ಮಿಲಿಗ್ರಾಮಿನ ಮೇಲೆಯೇ ನಿಂತರೆ, ಕರುಳು ಜೋಡಿಸಿದ ಕಡೆ ಸೋರಿಕೆಯಿದೆಯೇ ಎಂದು ನಮಗೆ ನಿದ್ದೆ ಬರುವುದಿಲ್ಲ. ಸಿಟಿ ಸ್ಕ್ಯಾನಿಗೆ ಕಳಿಸುತ್ತೇವೆ. ಅದೇ ಹೊತ್ತಿಗೆ ಮನೆಯವರು ರೊಟ್ಟಿ ಯಾವಾಗ ಕೊಡಬಹುದು ಎಂದು ವಿಚಾರಿಸುತ್ತಿರುತ್ತಾರೆ.

ಒಬ್ಬಾಕೆ ಮಾತ್ರ ಗಂಡನ ಅಂಕಿಗಳನ್ನೆಲ್ಲ ಔಷಧಿ ಚೀಟಿಯ ಬೆನ್ನಿಗೆ ಬರೆದಿಟ್ಟುಕೊಂಡಿದ್ದರು. ನಾಲ್ಕನೆಯ ಬೆಳಿಗ್ಗೆ ಅದನ್ನು ನನ್ನ ಮುಂದೆ ಹಿಡಿದು, "ನಿನ್ನೆ 140 ಇತ್ತು, ಇವತ್ತು 90 ಆಗೈತಿ. ಒಳಗಿನ ಹೊಲಿಗಿ ಹಿಡಕೊಂಡೈತಿ ಅಂತ ತಿಳ್ಕೊಳ್ಳೇನ್ರಿ?" ಎಂದರು. ಬಹುಮಟ್ಟಿಗೆ ಹೌದು ಎಂದೆ. ತೂತು ಎಷ್ಟು ಎಂದು ಆಕೆ ಕೇಳಲೇ ಇಲ್ಲ.